ಸೂಪರ್‌ಕಂಪ್ಯೂಟರ್ ಕೊಂಡರೆ ಮುಗಿಯಿತಾ? ದುಡ್ಡು ಯಾರದ್ದು, ಪಾಳಿ ಯಾರದ್ದು

ಎಐ ಗದ್ದಲ ಶುರುವಾದ ಮೇಲೆ ಜಿಪಿಯು ಅನ್ನೋ ಪದ ಪೇಪರ್ ಓದುವ ಎಲ್ಲರಿಗೂ ಪರಿಚಯವಾಗಿದೆ. ಒಂದೇ ಬಗೆಯ ಸಾವಿರಾರು ಲೆಕ್ಕಗಳನ್ನು ಒಟ್ಟಿಗೆ ಮಾಡುವ ಚಿಪ್ ಅದು. ದೇಶದಲ್ಲಿ 38 ಸಾವಿರ ಜಿಪಿಯು ಒಟ್ಟುಮಾಡಿದ್ದೇವೆ, ರಿಯಾಯಿತಿ ದರದಲ್ಲಿ ಗಂಟೆಗೆ ಸುಮಾರು 65 ರೂಪಾಯಿಗೆ ಸಿಗುತ್ತದೆ ಎಂದು ಕೇಂದ್ರ ಸರ್ಕಾರ 2025ರಲ್ಲಿ ಹೇಳಿತು. ಅದಕ್ಕೂ ಮುಂಚೆ, 2024ರ ಸೆಪ್ಟೆಂಬರ್‌ನಲ್ಲಿ, ಪುಣೆ, ದೆಹಲಿ ಮತ್ತು ಕೋಲ್ಕತ್ತದಲ್ಲಿ ಮೂರು 'ಪರಮ್ ರುದ್ರ' ಸೂಪರ್‌ಕಂಪ್ಯೂಟರ್‌ಗಳ ಉದ್ಘಾಟನೆ ಆಯಿತು. ಮೂರಕ್ಕೂ ಸೇರಿ 130 ಕೋಟಿ ರೂಪಾಯಿ.

ಉದ್ಘಾಟನೆಯ ಫೋಟೊ ಎಲ್ಲರೂ ನೋಡಿದ್ದೇವೆ. ಆದರೆ ಧಾರವಾಡದಲ್ಲೋ ಕಲಬುರಗಿಯಲ್ಲೋ ಪಿಎಚ್‌ಡಿ ಮಾಡುತ್ತಿರುವ ಹುಡುಗಿಗೆ ಇಂಥ ಯಂತ್ರದ ಮೇಲೆ ಕೆಲಸ ಮಾಡಲು ಅವಕಾಶ ಸಿಗುವುದು ಹೇಗೆ? ಅದಕ್ಕೆ ದುಡ್ಡು ಕೊಡುವವರು ಯಾರು? ಕರೆಂಟ್ ಬಿಲ್ ಕಟ್ಟುವವರು ಯಾರು? ಈ ಭಾಗ ಸುದ್ದಿಯಲ್ಲಿ ಬರುವುದು ಕಡಿಮೆ. ನಿಜವಾದ ಕಷ್ಟ ಇರುವುದು ಇಲ್ಲೇ.

ಮೊದಲು ಯಂತ್ರದ ವಿಚಾರ

ಸೂಪರ್‌ಕಂಪ್ಯೂಟರ್ ಅಂದರೆ ಒಂದೇ ದೈತ್ಯ ಕಂಪ್ಯೂಟರ್ ಅಲ್ಲ. ನೂರಾರು ಕಂಪ್ಯೂಟರ್‌ಗಳನ್ನು ಬೀರುವಿನಂಥ ರ‍್ಯಾಕ್‌ಗಳಲ್ಲಿ ಜೋಡಿಸಿ, ತುಂಬ ವೇಗದ ಕೇಬಲ್‌ಗಳಿಂದ ಒಂದಕ್ಕೊಂದು ಕಟ್ಟಿರುತ್ತಾರೆ. ಒಳಗಿನ ಒಂದೊಂದು ಕಂಪ್ಯೂಟರ್‌ಗೂ 'ನೋಡ್' ಎನ್ನುತ್ತಾರೆ. ನೋಡ್ ಒಳಗೆ ಲೆಕ್ಕ ಮಾಡುವ ಘಟಕಗಳಿರುತ್ತವೆ, ಅವೇ 'ಕೋರ್'. ಒಂದು ದೊಡ್ಡ ಲೆಕ್ಕವನ್ನು ಸಾವಿರ ಚೂರು ಮಾಡಿ, ಸಾವಿರ ಕೋರ್‌ಗಳಿಗೆ ಹಂಚಿ, ನಡುನಡುವೆ ಉತ್ತರಗಳನ್ನು ತಾಳೆ ಹಾಕುತ್ತ ಹೋಗುವುದೇ ಇದರ ಕೆಲಸ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಾವೆಲ್ಲ 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುವ ಐಐಎಸ್‌ಸಿಯಲ್ಲಿ, 2022ರಲ್ಲಿ ಶುರುವಾದ 'ಪರಮ್ ಪ್ರವೇಗ'ವನ್ನೇ ತೆಗೆದುಕೊಳ್ಳಿ. ಅದರಲ್ಲಿ ಲೆಕ್ಕ ಮಾಡುವ ನೋಡ್‌ಗಳು 624. ಅವುಗಳಲ್ಲಿ 584 ಮಾಮೂಲಿ ಪ್ರೊಸೆಸರ್‌ಗಳವು, ಒಂದೊಂದರಲ್ಲಿ 48 ಕೋರ್. ಉಳಿದ 40 ನೋಡ್‌ಗಳಲ್ಲಿ ತಲಾ ಎರಡು ಜಿಪಿಯು. ಒಟ್ಟು ಸಾಮರ್ಥ್ಯ 3.3 ಪೆಟಾಫ್ಲಾಪ್ಸ್.

ಪೆಟಾಫ್ಲಾಪ್ಸ್ ಅಂದರೆ ಏನು? ದಶಾಂಶ ಇರುವ ಎರಡು ಸಂಖ್ಯೆಗಳನ್ನು ಕೂಡುವುದೋ ಗುಣಿಸುವುದೋ ಒಂದು ಲೆಕ್ಕ. ಸೆಕೆಂಡಿಗೆ ಅಂಥ ಸಾವಿರ ಲಕ್ಷ ಕೋಟಿ ಲೆಕ್ಕ ಮಾಡಿದರೆ ಒಂದು ಪೆಟಾಫ್ಲಾಪ್ಸ್. ಆದರೆ ಈ ಅಂಕಿಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಇದು ಎಲ್ಲ ಕೋರ್‌ಗಳೂ ಒಂದು ಕ್ಷಣವೂ ಬಿಡುವಿಲ್ಲದೆ ದುಡಿದರೆ ಸಿಗುವ ಗರಿಷ್ಠ ವೇಗ. ನಿಜವಾದ ಪ್ರೋಗ್ರಾಂಗಳಲ್ಲಿ ಕೋರ್‌ಗಳು ಮೆಮೊರಿಯಿಂದ ಸಂಖ್ಯೆ ಬರಲಿ ಎಂದು ಕಾಯುವುದೇ ಜಾಸ್ತಿ. ಗರಿಷ್ಠದ ಹತ್ತರಲ್ಲೊಂದು ಪಾಲೂ ಸಿಗದ ಕೆಲಸಗಳು ಎಷ್ಟೋ ಇವೆ.

ಇನ್ನೊಂದು ಗೊಂದಲ 'ಎಐ ಪೆಟಾಫ್ಲಾಪ್ಸ್'ನದ್ದು. ಪುಣೆಯ 'ಪರಮ್ ಸಿದ್ಧಿ-ಎಐ' 2020ರಲ್ಲಿ ಜಗತ್ತಿನ ಅತಿ ವೇಗದ 500 ಯಂತ್ರಗಳ ಪಟ್ಟಿಯಲ್ಲಿ 63ನೇ ಸ್ಥಾನ ಪಡೆಯಿತು. ಪಟ್ಟಿಯ ಪರೀಕ್ಷೆಯಲ್ಲಿ ಅದರ ವೇಗ 4.6 ಪೆಟಾಫ್ಲಾಪ್ಸ್. ಅದೇ ಯಂತ್ರಕ್ಕೆ 210 ಎಐ ಪೆಟಾಫ್ಲಾಪ್ಸ್ ಎಂದೂ ಹೇಳುತ್ತಾರೆ. ಎರಡೂ ಸುಳ್ಳಲ್ಲ. ಎಐ ತರಬೇತಿಗೆ ಸಂಖ್ಯೆಗಳು ಅಷ್ಟು ಕರಾರುವಾಕ್ಕಾಗಿ ಇರಬೇಕಿಲ್ಲ, ಮೂರ್ನಾಲ್ಕು ಅಂಕಿ ಸರಿಯಿದ್ದರೂ ನಡೆಯುತ್ತದೆ. ಮುಂಗಾರಿನ ಮಾದರಿಗೋ ವಿಮಾನದ ರೆಕ್ಕೆಯ ಸುತ್ತ ಹರಿಯುವ ಗಾಳಿಗೋ ಹಾಗಲ್ಲ, ಹದಿನೈದು ಅಂಕಿವರೆಗೂ ಲೆಕ್ಕ ಹಿಡಿಯಬೇಕಾಗುತ್ತದೆ. ಹಾಗಾಗಿ ಸುದ್ದಿಯಲ್ಲಿ ದೊಡ್ಡ ಸಂಖ್ಯೆ ಕಂಡರೆ ಅದು ಯಾವ ಲೆಕ್ಕ ಎಂದು ಕೇಳುವುದು ಒಳ್ಳೆಯದು.

ಎಲ್ಲರಿಗೂ ಒಂದೊಂದು ಕೊಡಬಾರದೇಕೆ?

ಕೃಷಿ ಯಂತ್ರಧಾರೆ ಕೇಂದ್ರಗಳು ನಿಮಗೆ ಗೊತ್ತಿರಬಹುದು. ಎರಡು ಎಕರೆ ಇರುವ ರೈತ ಕೊಯ್ಲಿನ ಯಂತ್ರ ಕೊಳ್ಳಲಾರ. ಕೊಂಡರೂ ವರ್ಷದಲ್ಲಿ ಕೆಲವೇ ದಿನ ಕೆಲಸ, ಉಳಿದ ದಿನ ಶೆಡ್‌ನಲ್ಲಿ ತುಕ್ಕು. ಅದಕ್ಕೆ ಹೋಬಳಿಗೊಂದು ಕೇಂದ್ರ ಮಾಡಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಡ್ರೈವರ್, ಡೀಸೆಲ್, ರಿಪೇರಿ ಎಲ್ಲ ಕೇಂದ್ರದ್ದು. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ವ್ಯವಸ್ಥೆಯ ಹಿಂದಿರುವ ಯೋಚನೆಯೂ ಹೆಚ್ಚುಕಡಿಮೆ ಇದೇ. ಇಲ್ಲಿ ಬಾಡಿಗೆಯ ಅಳತೆ 'ಕೋರ್-ಗಂಟೆ'. ಒಂದು ಕೋರ್ ಒಂದು ಗಂಟೆ ದುಡಿದರೆ ಒಂದು ಕೋರ್-ಗಂಟೆ.

ಒಂದು ಲೆಕ್ಕ ಮಾಡಿ ನೋಡೋಣ. ಪರಮ್ ಪ್ರವೇಗದ ಮಾಮೂಲಿ ನೋಡ್‌ಗಳಲ್ಲಿ ಒಟ್ಟು 28 ಸಾವಿರ ಕೋರ್ ಇವೆ. ವರ್ಷಪೂರ್ತಿ ನಿಲ್ಲದೆ ನಡೆದರೆ ಸುಮಾರು 24.5 ಕೋಟಿ ಕೋರ್-ಗಂಟೆ. ಹಂಚಬೇಕಾದ ಸರಕು ಇದು. ಇದನ್ನು ಕೂಡಿಡಲು ಬರುವುದಿಲ್ಲ. ಇವತ್ತು ಖಾಲಿ ಕೂತ ಕೋರ್‌ನ ಗಂಟೆ ಇವತ್ತೇ ಹೋಯಿತು. ಆದರೂ ಯಂತ್ರ ಹಳತಾಗುವುದು ನಿಲ್ಲುವುದಿಲ್ಲ. ಐದಾರು ವರ್ಷಕ್ಕೆ ಅದರ ಕಾಲ ಮುಗಿಯಿತು ಅಂತಲೇ ಲೆಕ್ಕ.

ನಮ್ಮಲ್ಲಿ ಶುರುವಾದ ಬಗೆ

1980ರ ದಶಕದಲ್ಲಿ ಭಾರತ ಅಮೆರಿಕದಿಂದ ಕ್ರೇ ಸೂಪರ್‌ಕಂಪ್ಯೂಟರ್ ಕೊಳ್ಳಲು ಓಡಾಡಿತು. ಸಂಶೋಧನೆಗೆ ಬೇಕೆಂದ ದೊಡ್ಡ ಯಂತ್ರ ಸಿಗಲಿಲ್ಲ. ಹವಾಮಾನ ಮುನ್ಸೂಚನೆಗೆಂದು ಒಂದು ಚಿಕ್ಕ ಕ್ರೇ ಮಾತ್ರ ಬಂತು, ಅದೂ ಕಟ್ಟುನಿಟ್ಟಿನ ಷರತ್ತಿನ ಮೇಲೆ. ಅಷ್ಟರಲ್ಲಿ, 1986ರಲ್ಲೇ, ಬೆಂಗಳೂರಿನ ವಿಮಾನ ಸಂಶೋಧನಾ ಪ್ರಯೋಗಾಲಯ ಎನ್‌ಎಎಲ್‌ನವರು ಹಲವು ಪ್ರೊಸೆಸರ್‌ಗಳನ್ನು ಒಟ್ಟಿಗೆ ದುಡಿಸುವ 'ಫ್ಲೋಸಾಲ್ವರ್' ಎಂಬ ಯಂತ್ರ ಕಟ್ಟಿದ್ದರು. ಗಾಳಿಯ ಹರಿವಿನ ಲೆಕ್ಕಕ್ಕೆ ತಮಗೆ ಬೇಕಿತ್ತು, ತಾವೇ ಮಾಡಿಕೊಂಡರು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಹುಟ್ಟಿತು. ವಿಜಯ್ ಭಟ್ಕರ್ ಮುಂದಾಳತ್ವದಲ್ಲಿ 1991ರಲ್ಲಿ 'ಪರಮ್ 8000' ಬಂತು. ಇವತ್ತಿನ ಯಂತ್ರಗಳ ಹೆಸರಿನ ಮುಂದಿರುವ ಪರಮ್ ಅಲ್ಲಿಂದ ಬಂದದ್ದು.

ಯಂತ್ರ ಕಟ್ಟುವುದು ಹೀಗೆ ಶುರುವಾಯಿತು. ದೇಶದ ಎಲ್ಲ ವಿಶ್ವವಿದ್ಯಾಲಯಗಳಿಗೂ ಯಂತ್ರ ಸಿಗುವಂತೆ ಮಾಡುವ ಯೋಜನೆಗೆ ಮಾತ್ರ 2015ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಅನುದಾನ ಇದ್ದವರು ತಮ್ಮ ತಮ್ಮ ಯಂತ್ರ ಕೊಂಡರು. ಐಐಎಸ್‌ಸಿಯೂ 2015ರಲ್ಲಿ 'ಸಹಸ್ರಟಿ' ಎಂಬ 1.4 ಪೆಟಾಫ್ಲಾಪ್ಸ್‌ನ ಕ್ರೇ ಯಂತ್ರ ತಂದಿತು. ಇಲ್ಲದವರು ಪರಿಚಯದವರ ಯಂತ್ರದ ಮೇಲೆ ಕೆಲಸ ಸಾಗಿಸಿಕೊಂಡರು.

4,500 ಕೋಟಿಯ ಕಥೆ

2015ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಸಮಿತಿ 'ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್'ಗೆ ಒಪ್ಪಿಗೆ ಕೊಟ್ಟಿತು. ಏಳು ವರ್ಷ, 4,500 ಕೋಟಿ ರೂಪಾಯಿ. ಅದರಲ್ಲಿ 2,800 ಕೋಟಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದ್ದು, 1,700 ಕೋಟಿ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಇಲಾಖೆಯದ್ದು. ಕೆಲಸ ನಡೆಸುವ ಹೊಣೆ ಪುಣೆಯ ಸಿ-ಡ್ಯಾಕ್ ಮತ್ತು ಬೆಂಗಳೂರಿನ ಐಐಎಸ್‌ಸಿಗೆ. 70ಕ್ಕೂ ಹೆಚ್ಚು ಕೇಂದ್ರ ಕಟ್ಟಿ ಎಲ್ಲವನ್ನೂ 'ರಾಷ್ಟ್ರೀಯ ಜ್ಞಾನ ಜಾಲ'ದಿಂದ ಜೋಡಿಸುವ ಗುರಿ ಇತ್ತು. ಈ ಜಾಲ ಅಂದರೆ ದೇಶದ ವಿಶ್ವವಿದ್ಯಾಲಯ, ಪ್ರಯೋಗಾಲಯಗಳನ್ನು ಸೇರಿಸುವ ವೇಗದ ಇಂಟರ್‌ನೆಟ್ ಜಾಲ. ಅದಕ್ಕೆ 2010ರಲ್ಲೇ 5,990 ಕೋಟಿ ಮಂಜೂರಾಗಿತ್ತು. ದೂರದ ಊರಿನಿಂದ ಯಂತ್ರ ಬಳಸಬೇಕಾದರೆ ಈ ಜಾಲ ಬೇಕೇಬೇಕು. ಲೆಕ್ಕ ಮುಗಿದ ಮೇಲೆ ಬರುವ ಫೈಲು ನೂರಾರು ಜಿಬಿ ಇರುತ್ತದೆ. ಅದನ್ನು ಹಾಸ್ಟೆಲ್ ವೈಫೈನಲ್ಲಿ ಇಳಿಸಿಕೊಳ್ಳಲು ಆಗುತ್ತಾ?

ಆರಂಭ ಆಮೆ ನಡಿಗೆ. ಮಿಷನ್‌ನ ಮೊದಲ ಯಂತ್ರ, ವಾರಾಣಸಿಯ ಐಐಟಿಯಲ್ಲಿರುವ 'ಪರಮ್ ಶಿವಾಯ್', ಉದ್ಘಾಟನೆಯಾದದ್ದು 2019ರ ಫೆಬ್ರವರಿಯಲ್ಲಿ. ಒಪ್ಪಿಗೆ ಸಿಕ್ಕಿ ಆಗಲೇ ನಾಲ್ಕು ವರ್ಷ ಆಗುತ್ತ ಬಂದಿತ್ತು. ಮಾಹಿತಿ ಹಕ್ಕಿನ ಅರ್ಜಿಗೆ ಸಿಕ್ಕ ಉತ್ತರದ ಪ್ರಕಾರ, ಮೊದಲ ಐದೂವರೆ ವರ್ಷದಲ್ಲಿ ಬಿಡುಗಡೆಯಾದದ್ದು ಸುಮಾರು 751 ಕೋಟಿ. ಅಂದರೆ ಆರರಲ್ಲೊಂದು ಪಾಲು. ಬಜೆಟ್ ಘೋಷಣೆಗೂ ಖಾತೆಗೆ ದುಡ್ಡು ಬೀಳುವುದಕ್ಕೂ ಎಷ್ಟು ಅಂತರ ಎನ್ನುವುದಕ್ಕೆ ಬೇರೆ ಉದಾಹರಣೆ ಬೇಡ.

ಆಮೇಲೆ ವೇಗ ಬಂತು. ಖರಗ್‌ಪುರ, ಕಾನ್ಪುರ, ರೂರ್ಕಿ, ಗುವಾಹಟಿ, ತಿರುಚಿ ಹೀಗೆ ಒಂದೊಂದೇ ಕಡೆ ಯಂತ್ರ ಬಂದವು. ಬೆಂಗಳೂರಿನಲ್ಲೇ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರಕ್ಕೆ 'ಪರಮ್ ಯುಕ್ತಿ', ಸಿ-ಡ್ಯಾಕ್‌ಗೆ 'ಪರಮ್ ಉತ್ಕರ್ಷ', ಐಐಎಸ್‌ಸಿಗೆ 'ಪರಮ್ ಪ್ರವೇಗ'. ಮೊದಲ ಹಂತದಲ್ಲಿ ಹೊರಗಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸಿದರು. ಮುಂದೆ ಬೋರ್ಡ್‌ಗಳು ಇಲ್ಲೇ ತಯಾರಾದವು. ಈಗಿನ 'ರುದ್ರ' ಸರ್ವರ್‌ನ ವಿನ್ಯಾಸವೇ ಸಿ-ಡ್ಯಾಕ್‌ನದ್ದು. 2025ರ ಆರಂಭದ ಸರ್ಕಾರಿ ಲೆಕ್ಕದಂತೆ 34 ಯಂತ್ರ, ಒಟ್ಟು 35 ಪೆಟಾಫ್ಲಾಪ್ಸ್. ಬಳಸಿದವರು 200ಕ್ಕೂ ಹೆಚ್ಚು ಸಂಸ್ಥೆಗಳ 10 ಸಾವಿರಕ್ಕೂ ಹೆಚ್ಚು ಸಂಶೋಧಕರು.

35 ಅಂದರೆ ಜಾಸ್ತಿಯಾ, ಕಡಿಮೆಯಾ? ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ 'ಎಲ್ ಕ್ಯಾಪಿಟನ್' ಒಂದೇ 2024ರಲ್ಲಿ 1,742 ಪೆಟಾಫ್ಲಾಪ್ಸ್ ಮುಟ್ಟಿತು. ನಮ್ಮ 34 ಯಂತ್ರ ಕೂಡಿಸಿದರೂ ಅದರ ಐವತ್ತರಲ್ಲೊಂದು. ಆದರೆ ಅದು ಮುಖ್ಯವಾಗಿ ಅಣ್ವಸ್ತ್ರದ ಲೆಕ್ಕಕ್ಕೆಂದು ಇಟ್ಟ ಯಂತ್ರ. ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಅದರ ಬಾಗಿಲು ಅಲ್ಲಿಯೂ ತೆರೆದಿಲ್ಲ. ಹಾಗಾಗಿ ಸುಮ್ನೆ ಇದಕ್ಕೂ ಅದಕ್ಕೂ ತಾಳೆ ಹಾಕಿ ಬೇಸರಪಡುವುದು ಬೇಡ.

ಉದ್ಘಾಟನೆಯ ಮರುದಿನದ ಖರ್ಚು

ಯಂತ್ರ ಕೊಳ್ಳುವುದು ಒಂದು ಸಲದ ಖರ್ಚು. ನಡೆಸುವುದು ಪ್ರತಿ ತಿಂಗಳಿನ ಖರ್ಚು. ಮಿಷನ್‌ನಂಥ ಯೋಜನೆಗಳಲ್ಲಿ ಮೊದಲನೆಯದಕ್ಕೆ ದುಡ್ಡು ಸಿಗುವಷ್ಟು ಸುಲಭವಾಗಿ ಎರಡನೆಯದಕ್ಕೆ ಸಿಗುವುದಿಲ್ಲ.

ಕರೆಂಟನ್ನೇ ನೋಡಿ. ಒಂದು ಯಂತ್ರ ಸದಾ ಒಂದು ಮೆಗಾವ್ಯಾಟ್ ಎಳೆಯುತ್ತದೆ ಅಂದುಕೊಳ್ಳೋಣ. ವರ್ಷಕ್ಕೆ 87.6 ಲಕ್ಷ ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 6 ಕೋಟಿ ದಾಟಿತು. ಲೆಕ್ಕ ಮಾಡುವಾಗ ಚಿಪ್‌ಗಳು ಬಿಸಿಯಾಗುತ್ತವೆ. ಆ ಶಾಖ ಹೊರಹಾಕಲು ಮತ್ತೆ ಕರೆಂಟ್ ಬೇಕು. ಬರೀ ಎಸಿ ಗಾಳಿಯಿಂದ ತಣ್ಣಗಿಡಲು ಹೋದರೆ ಬಿಲ್ ಇನ್ನೂ ಮೂರನೇ ಒಂದು ಪಾಲೋ ಅರ್ಧವೋ ಏರಬಹುದು. ಪರಮ್ ಪ್ರವೇಗದಂಥ ಹೊಸ ಯಂತ್ರಗಳಲ್ಲಿ ಚಿಪ್‌ಗೆ ಅಂಟಿಕೊಂಡ ತಟ್ಟೆಯೊಳಗೇ ದ್ರವ ಹರಿಸಿ ಶಾಖ ಎಳೆಯುವುದು ಇದಕ್ಕಾಗಿಯೇ.

ಆಮೇಲೆ ಜನ. ಡಿಸ್ಕ್ ಕೆಟ್ಟರೆ ಬದಲಿಸುವವರು, ಸಾಫ್ಟ್‌ವೇರ್ ಹಾಕಿಕೊಡುವವರು, "ಸರ್, ನನ್ನ ಜಾಬ್ ಯಾಕೆ ನಿಂತುಹೋಯ್ತು" ಎಂಬ ಮೇಲ್‌ಗೆ ಉತ್ತರಿಸುವವರು. (ಜಾಬ್ ಅಂದರೆ ಇಲ್ಲಿ ಯಂತ್ರಕ್ಕೆ ಒಪ್ಪಿಸಿದ ಒಂದು ಲೆಕ್ಕ.) ಇಂಥ ಕೆಲಸ ಬಲ್ಲವರಿಗೆ ಹೊರಗಿನ ಕಂಪನಿಗಳಲ್ಲಿ ಬಹಳ ಹೆಚ್ಚು ಸಂಬಳ ಸಿಗುತ್ತದೆ. ಯೋಜನೆಯ ಅವಧಿಗೆಂದು ತಾತ್ಕಾಲಿಕವಾಗಿ ತೆಗೆದುಕೊಂಡವರು ಎಷ್ಟು ದಿನ ನಿಂತಾರು? ಮಿಷನ್ ತರಬೇತಿಗೆ ಒತ್ತು ಕೊಟ್ಟಿದೆ ಎನ್ನುವುದು ನಿಜ. ಖರಗ್‌ಪುರ, ಮದ್ರಾಸ್, ಗೋವಾ ಮತ್ತು ಪಾಲಕ್ಕಾಡ್ ಐಐಟಿಗಳಲ್ಲಿ ಅದಕ್ಕೆಂದೇ ಕೇಂದ್ರಗಳಿವೆ. 20 ಸಾವಿರಕ್ಕೂ ಹೆಚ್ಚು ಜನ ಕಲಿತಿದ್ದಾರೆ.

ದಿನನಿತ್ಯದ ಖರ್ಚು ತೂಗಿಸಲು ಹಲವು ಕೇಂದ್ರಗಳು ಬಳಕೆದಾರರಿಗೆ ಕೋರ್-ಗಂಟೆ ಲೆಕ್ಕದಲ್ಲಿ ಶುಲ್ಕ ಹಾಕುತ್ತವೆ. ಪ್ರಾಧ್ಯಾಪಕರು ಅದನ್ನು ತಮ್ಮ ಸಂಶೋಧನಾ ಅನುದಾನದಿಂದ ಕಟ್ಟುತ್ತಾರೆ. ಅನುದಾನ ಇದ್ದವರಿಗೆ ತೊಂದರೆಯಿಲ್ಲ. ಇಲ್ಲದವರಿಗೆ ಯಂತ್ರ ಪಕ್ಕದ ಊರಿನಲ್ಲಿದ್ದರೂ ದೂರವೇ.

ಪಾಳಿ ನಡೆಯುವುದು ಹೀಗೆ

ಖಾತೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಸಂಶೋಧಕಿ ತನ್ನ ಲ್ಯಾಪ್‌ಟಾಪ್‌ನಿಂದ 'ಲಾಗಿನ್ ನೋಡ್'ಗೆ ಹೋಗುತ್ತಾಳೆ. ಕಪ್ಪು ಪರದೆ, ಟೈಪ್ ಮಾಡುವ ಆಜ್ಞೆಗಳು, ಅಷ್ಟೇ. ಅಲ್ಲೇ ಲೆಕ್ಕ ಓಡಿಸುವಂತಿಲ್ಲ. ಓಡಿಸಿದರೆ ಎಲ್ಲರ ಕೆಲಸ ನಿಧಾನವಾಗಿ, ಸ್ವಲ್ಪ ಹೊತ್ತಿಗೆ ಎಚ್ಚರಿಕೆಯ ಮೇಲ್ ಬರುತ್ತದೆ. ಅವಳು ಒಂದು ಚಿಕ್ಕ ಫೈಲು ಬರೆಯಬೇಕು. ಎಷ್ಟು ನೋಡ್ ಬೇಕು, ಎಷ್ಟು ಗಂಟೆ ಬೇಕು, ಯಾವ ಪ್ರೋಗ್ರಾಂ ಓಡಿಸಬೇಕು. ಆ ಫೈಲನ್ನು 'ಸ್ಲರ್ಮ್' ಎಂಬ ಸಾಫ್ಟ್‌ವೇರ್‌ಗೆ ಒಪ್ಪಿಸಿದರೆ ಅದು ಸರತಿಗೆ ಸೇರಿಸುತ್ತದೆ. ಪಟ್ಟಿ ತೆರೆದು ನೋಡಿದರೆ ಹೆಸರಿನ ಮುಂದೆ 'ಪಿಡಿ' ಎಂದಿರುತ್ತದೆ. ಪೆಂಡಿಂಗ್ ಅಂತ. ಅದು 'ಆರ್' ಆದರೆ ರನ್ನಿಂಗ್. ಈ ಪಿಡಿ ಆರ್ ಆಗುವುದನ್ನು ನೋಡುತ್ತ ಎಷ್ಟು ಜನರ ಪಿಎಚ್‌ಡಿ ವರ್ಷಗಳು ಕಳೆದಿವೆಯೋ!

ಮೊದಲು ಬಂದವರಿಗೆ ಮೊದಲು ಎಂಬ ನಿಯಮ ಇಲ್ಲಿ ಹೆಚ್ಚು ನಡೆಯುವುದಿಲ್ಲ. ಯಾವ ಗುಂಪು ಇತ್ತೀಚೆಗೆ ಜಾಸ್ತಿ ಬಳಸಿದೆಯೋ ಅದರ ಆದ್ಯತೆ ಇಳಿಯುತ್ತದೆ. ಕಡಿಮೆ ಬಳಸಿದವರದ್ದು ಏರುತ್ತದೆ. ಇನ್ನೊಂದು ಜಾಣತನವೂ ಇದೆ. ಒಬ್ಬರಿಗೆ ನೂರು ನೋಡ್ ಬೇಕು, ಈಗ ಖಾಲಿ ಇರುವುದು ಅರವತ್ತು, ಉಳಿದ ನಲವತ್ತು ಬಿಡುವಾಗಲು ಐದು ಗಂಟೆ ಬೇಕು ಎನ್ನಿ. ಆ ಐದು ಗಂಟೆ ಅರವತ್ತು ನೋಡ್ ಸುಮ್ಮನೆ ಕೂರುವ ಬದಲು, ಅಷ್ಟರೊಳಗೆ ಮುಗಿಯುವ ಚಿಕ್ಕ ಜಾಬ್‌ಗಳನ್ನು ಸ್ಲರ್ಮ್ ನಡುವೆ ತೂರಿಸುತ್ತದೆ. ಹಾಗಾಗಿ ಎರಡು ಗಂಟೆಯ ಕೆಲಸಕ್ಕೆ 'ಇರಲಿ' ಎಂದು 48 ಗಂಟೆ ಕೇಳಿದವರು ಹಿಂದೆ ಉಳಿಯುತ್ತಾರೆ. ತೀರ ಕಡಿಮೆ ಕೇಳಿದರೂ ಕಷ್ಟ. ಹೇಳಿದ ಸಮಯ ಮುಗಿದ ಕೂಡಲೇ ಯಂತ್ರ ಮುಲಾಜಿಲ್ಲದೆ ಲೆಕ್ಕ ನಿಲ್ಲಿಸುತ್ತದೆ. ನಡುನಡುವೆ ಫಲಿತಾಂಶ ಉಳಿಸಿಕೊಳ್ಳದಿದ್ದರೆ ಎಲ್ಲ ನೀರಿನಲ್ಲಿ ಹೋಮ.

ಖರ್ಚಿನ ಲೆಕ್ಕ ಹೀಗೆ: 48 ಕೋರ್‌ಗಳ 10 ನೋಡ್, 24 ಗಂಟೆ ಅಂದರೆ 11,520 ಕೋರ್-ಗಂಟೆ. ನಿಮಗೆ ಮಂಜೂರಾದದ್ದು ಒಂದು ಲಕ್ಷ ಆದರೆ ಇಂಥ ಎಂಟು ಓಟಕ್ಕೆ ಖಾತೆ ಬಹುತೇಕ ಬರಿದು.

ಬೇರೆ ದೇಶದವರು ಮಾಡಿದ್ದು

ಅಮೆರಿಕಕ್ಕೂ ಒಂದು ಕಾಲದಲ್ಲಿ ಇದೇ ಗೋಳಿತ್ತು. ಲ್ಯಾರಿ ಸ್ಮಾರ್ ಎಂಬ ಖಗೋಳ ವಿಜ್ಞಾನಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದರು. ಅಮೆರಿಕದಲ್ಲೇ ತಯಾರಾದ ಕ್ರೇ ಯಂತ್ರ ಬಳಸಲು ಅವರು ಜರ್ಮನಿಯ ಮ್ಯೂನಿಕ್‌ಗೆ ಹೋಗಬೇಕಾಯಿತು. ತಮ್ಮ ದೇಶದ ವಿಶ್ವವಿದ್ಯಾಲಯಗಳಲ್ಲಿ ಅದು ಸಿಗುತ್ತಿರಲಿಲ್ಲ. 1983ರಲ್ಲಿ ಅವರು ಯಾರೂ ಕೇಳದಿದ್ದರೂ ಒಂದು ಪ್ರಸ್ತಾವ ಬರೆದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಕಳಿಸಿದರು. 1985ರಲ್ಲಿ ಪ್ರತಿಷ್ಠಾನ ಸೂಪರ್‌ಕಂಪ್ಯೂಟರ್ ಕೇಂದ್ರಗಳಿಗೆ ದುಡ್ಡು ಕೊಡಲು ಶುರುಮಾಡಿತು. ಇಲಿನಾಯ್‌ನ ಕೇಂದ್ರದಿಂದಲೇ 1993ರಲ್ಲಿ 'ಮೊಸಾಯಿಕ್' ಬ್ರೌಸರ್ ಬಂದದ್ದು. ನಾವು ವೆಬ್ ನೋಡುವ ರೀತಿಯನ್ನೇ ಅದು ಬದಲಿಸಿತು. ಯಾವ ದುಡ್ಡು ಎಲ್ಲಿ ಫಲ ಕೊಡುತ್ತದೋ ಹೇಳಲು ಬರುವುದಿಲ್ಲ.

ಅಲ್ಲಿನ ಈಗಿನ ವ್ಯವಸ್ಥೆಯಲ್ಲಿ ಯಂತ್ರ ಇಡುವವರು ಬೇರೆ, ಸಮಯ ಹಂಚುವವರು ಬೇರೆ. ಯಂತ್ರದ ಅನುದಾನಕ್ಕೆ ಕೇಂದ್ರಗಳು ಪೈಪೋಟಿ ಮಾಡುತ್ತವೆ. ಸಂಶೋಧಕರು ಅರ್ಜಿ ಹಾಕುವುದು 2022ರಿಂದ ನಡೆಯುತ್ತಿರುವ 'ಆ್ಯಕ್ಸೆಸ್' ಎಂಬ ಒಂದೇ ಕಿಟಕಿಗೆ. ನಾಲ್ಕು ಮೆಟ್ಟಿಲುಗಳಿವೆ. ಕೆಳಗಿನ ಮೆಟ್ಟಿಲಿಗೆ ಒಂದು ಪುಟ್ಟ ವಿವರಣೆ ಬರೆದರೆ ಸಾಕು. ಮೇಲಿನದಕ್ಕೆ ಪೂರ್ಣ ಪ್ರಸ್ತಾವ ಬೇಕು, ತಜ್ಞರು ಪರಿಶೀಲಿಸುತ್ತಾರೆ. ಸಿಕ್ಕ ಸಮಯಕ್ಕೆ ಸಂಶೋಧಕರು ದುಡ್ಡು ಕೊಡಬೇಕಿಲ್ಲ. ಹೊಸಬರಿಗೆ ಸುಲಭ ಬಾಗಿಲು, ಹೆಚ್ಚು ಬೇಕೆಂದವರಿಗೆ ಹೆಚ್ಚು ಪರೀಕ್ಷೆ. ನನಗೆ ಬಹಳ ಹಿಡಿಸಿದ ಏರ್ಪಾಡು ಇದು.

ಯುರೋಪಿನದ್ದು ಪಾಲುದಾರಿಕೆ. ಫಿನ್ಲೆಂಡ್‌ನ ಕಯಾನಿ ಎಂಬ ಊರಿನ ಹಳೆಯ ಕಾಗದದ ಕಾರ್ಖಾನೆಯಲ್ಲಿ 'ಲೂಮಿ' ಯಂತ್ರ ಇದೆ. ಅರ್ಧ ದುಡ್ಡು ಯುರೋಪ್ ಒಕ್ಕೂಟದ್ದು, ಉಳಿದದ್ದು ಸೇರಿಕೊಂಡ ದೇಶಗಳದ್ದು. ಕೊಟ್ಟ ದುಡ್ಡಿಗೆ ತಕ್ಕಂತೆ ಸಮಯ. ನಡೆಯುವುದು ಜಲವಿದ್ಯುತ್‌ನಲ್ಲಿ. ಹೊರಬಿದ್ದ ಶಾಖದಿಂದ ಊರಿನ ಮನೆಗಳನ್ನು ಬೆಚ್ಚಗಿಡುತ್ತಾರೆ.

ಬ್ರಿಟನ್ ಕಥೆ ಎಚ್ಚರಿಕೆಯದ್ದು. ಎಡಿನ್‌ಬರೋದಲ್ಲಿ ದೊಡ್ಡ ಯಂತ್ರ ಎಂದು 2023ರಲ್ಲಿ ಘೋಷಿಸಿದರು. 2024ರಲ್ಲಿ ಸರ್ಕಾರ ಬದಲಾಗಿ, ಇದಕ್ಕೆ ಬೇಕಾದ 80 ಕೋಟಿ ಪೌಂಡ್ ಬಜೆಟ್‌ನಲ್ಲಿ ಇಲ್ಲ ಎಂದು ಕೈಬಿಟ್ಟರು. 2025ರ ಜೂನ್‌ನಲ್ಲಿ 75 ಕೋಟಿ ಪೌಂಡ್ ಕೊಡುತ್ತೇವೆ ಎಂದು ಮತ್ತೆ ಎತ್ತಿಕೊಂಡರು. ಐದಾರು ವರ್ಷ ಬಾಳುವ ಯಂತ್ರದ ವಿಚಾರದಲ್ಲಿ ಎರಡು ವರ್ಷ ಹೀಗೆ ಹೋಯಿತು.

ಕೊಳ್ಳುವ ಬದಲು ಬಾಡಿಗೆ

ಶುರುವಿನಲ್ಲಿ ಹೇಳಿದ 65 ರೂಪಾಯಿಯ ಜಿಪಿಯು ಇದಕ್ಕಿಂತ ಬೇರೆ ದಾರಿ. 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಪಡೆದ 'ಇಂಡಿಯಾ ಎಐ ಮಿಷನ್'ಗೆ ಐದು ವರ್ಷಕ್ಕೆ ಸುಮಾರು 10,372 ಕೋಟಿ. ಇಲ್ಲಿ ಸರ್ಕಾರ ಯಂತ್ರ ಕೊಳ್ಳುವುದಿಲ್ಲ. ಖಾಸಗಿ ಕಂಪನಿಗಳು ತಮ್ಮ ಡೇಟಾ ಸೆಂಟರ್‌ನಲ್ಲಿ ಜಿಪಿಯು ಇಟ್ಟು ದರ ಹೇಳುತ್ತವೆ. ಅರ್ಹರಾದ ಸಂಶೋಧಕರು, ವಿದ್ಯಾರ್ಥಿಗಳು, ಸ್ಟಾರ್ಟಪ್‌ಗಳು ಬಳಸಿದರೆ ಬಾಡಿಗೆಯ ಶೇ 40ರವರೆಗೆ ಸರ್ಕಾರ ತುಂಬುತ್ತದೆ.

ಇದರಲ್ಲಿ ಯಂತ್ರ ಹಳತಾಗುವ ತಲೆನೋವು ಕಂಪನಿಯದ್ದು. ಕರೆಂಟ್ ಬಿಲ್ಲೂ ಅವರದ್ದೇ. ಆದರೆ ಸಬ್ಸಿಡಿ ನಿಂತ ದಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅಲ್ಲದೆ ಇವು ಎಐಗೆ ಹೇಳಿಮಾಡಿಸಿದ ಜಿಪಿಯುಗಳು. ಪ್ರೋಟೀನ್‌ನ ಅಣುಗಳ ಚಲನೆಯನ್ನೋ ಹವಾಮಾನವನ್ನೋ ಲೆಕ್ಕ ಹಾಕುವ ಹಳೆಯ ಪ್ರೋಗ್ರಾಂಗಳು ಎಷ್ಟೋ ಇನ್ನೂ ಮಾಮೂಲಿ ಕೋರ್‌ಗಳ ಮೇಲೆಯೇ ಓಡುತ್ತವೆ. ಅವನ್ನು ಜಿಪಿಯುಗೆ ಒಗ್ಗಿಸುವುದು ವರ್ಷಗಳ ಕೆಲಸ. ಹಾಗಾಗಿ ಒಂದು ಇದೆಯಲ್ಲ, ಇನ್ನೊಂದು ಯಾಕೆ ಎಂದರೆ ಲೆಕ್ಕ ತಪ್ಪುತ್ತದೆ.

ರಾಜ್ಯ ವಿಶ್ವವಿದ್ಯಾಲಯದವರು ಏನು ಮಾಡಬಹುದು?

ಮಿಷನ್ ಯಂತ್ರಗಳು ಬಹುಪಾಲು ಐಐಟಿ, ಐಐಎಸ್‌ಸಿಯಂಥ ಕಡೆ ಇವೆ. ಆದರೆ ಅವು ಆ ಕ್ಯಾಂಪಸ್‌ನವರಿಗೆ ಮಾತ್ರ ಮೀಸಲಲ್ಲ. ಹೊರಗಿನ ಸಂಸ್ಥೆಗಳಿಗೂ ಪಾಲು ಇರಬೇಕು ಎನ್ನುವುದು ಯೋಜನೆಯ ಉದ್ದೇಶವೇ. ಖಾತೆ ಸಾಮಾನ್ಯವಾಗಿ ಗೈಡ್ ಹೆಸರಿನಲ್ಲಿ ಆಗುತ್ತದೆ, ವಿದ್ಯಾರ್ಥಿ ಅವರ ಗುಂಪಿನ ಸದಸ್ಯರಾಗಿ ಸೇರುತ್ತಾರೆ. ಆದ್ದರಿಂದ ಮೊದಲ ಕೆಲಸ ಗೈಡ್ ಅವರನ್ನು ಒಪ್ಪಿಸುವುದು. ಆಮೇಲೆ ಹತ್ತಿರದ ಕೇಂದ್ರದ ವೆಬ್‌ಸೈಟಿನಲ್ಲಿ ಹೊರಗಿನವರಿಗೆ ಅರ್ಜಿ ನಮೂನೆ, ಶುಲ್ಕ ನೋಡಿಕೊಳ್ಳುವುದು.

ಅರ್ಜಿಯಲ್ಲಿ ತೂಕ ಬರುವುದು ಎರಡು ವಿಷಯಕ್ಕೆ. ಎಷ್ಟು ಕೋರ್-ಗಂಟೆ ಬೇಕು, ಆ ಸಂಖ್ಯೆ ಎಲ್ಲಿಂದ ಬಂತು. ಇಲಾಖೆಯ ಮಾಮೂಲಿ ಕಂಪ್ಯೂಟರ್‌ನಲ್ಲೇ ಚಿಕ್ಕ ಲೆಕ್ಕ ಓಡಿಸಿ, ನಾಲ್ಕು ಕೋರ್‌ಗೆ ಎಷ್ಟು ಹೊತ್ತು ಹಿಡಿಯಿತು, ಎಂಟಕ್ಕೆ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಕೋರ್ ಎರಡರಷ್ಟಾದಾಗ ಸಮಯ ಅರ್ಧದ ಹತ್ತಿರ ಬಂದರೆ ನಿಮ್ಮ ಕೆಲಸ ದೊಡ್ಡ ಯಂತ್ರಕ್ಕೆ ಹೋಗಲು ತಯಾರಿದೆ. ಬರದಿದ್ದರೆ ಸೂಪರ್‌ಕಂಪ್ಯೂಟರ್ ಸಿಕ್ಕರೂ ಅದು ನಿಮ್ಮ ಕೆಲಸವನ್ನು ಬೇಗ ಮುಗಿಸಿಕೊಡಲಾರದು. ಆಗ ಅರ್ಜಿಗಿಂತ ಮುಂಚೆ ಪ್ರೋಗ್ರಾಂ ರಿಪೇರಿ ಆಗಬೇಕು. ಅದಕ್ಕೆ ಮೇಲೆ ಹೇಳಿದ ತರಬೇತಿ ಕೇಂದ್ರಗಳ ಕಾರ್ಯಾಗಾರಗಳಿವೆ.